ಗಡಿಯಾಚೆಯ ಸಂಬಳ

— ಚಿಕ್ಕಪ್ಪ, ಮೂರೇ ವರ್ಷ ಬಾಳಿದ ಲೀಗಿನ ಬಗ್ಗೆ ಇಷ್ಟೊಂದು ಹೇಳುವಂಥದ್ದು ಏನಿದೆ? ಐದು ತಂಡ, ಮೂರು ಸೀಸನ್, ಆಮೇಲೆ ಬಾಗಿಲು ಬಂದ್. ನಮ್ಮ ಆಡಿಟ್ ಆಫೀಸಿಗೆ ಇಂಥ ಕಂಪನಿಗಳು ಬರುತ್ತಲೇ ಇರುತ್ತವೆ, ಮುಚ್ಚುವ ಕಾಗದ ಹಿಡಿದುಕೊಂಡು.

— ನಿನ್ನ ಕಂಪನಿಗಳಿಗೆ ಬಾಗಿಲು ಹಾಕಿಸುವವರು ಸಾಲ ಕೊಟ್ಟವರು. ಈ ಲೀಗಿಗೆ ಬಾಗಿಲು ಹಾಕಿಸಿದವರು ಇದನ್ನೇ ನೋಡಿ ಕಲಿತವರು. 1904ರಲ್ಲಿ ಶುರುವಾಯಿತು, 1907ಕ್ಕೆ ಮುಗಿಯಿತು. ಇಂಟರ್‌ನ್ಯಾಷನಲ್ ಪ್ರೊಫೆಷನಲ್ ಹಾಕಿ ಲೀಗ್ ಅಂತ ಹೆಸರು. ಐಸ್ ಹಾಕಿಯಲ್ಲಿ ‘ಹೌದು, ನಮ್ಮ ಆಟಗಾರರಿಗೆ ನಾವು ಸಂಬಳ ಕೊಡುತ್ತೇವೆ’ ಎಂದು ಮುಚ್ಚುಮರೆಯಿಲ್ಲದೆ ನಡೆದ ಮೊದಲ ಲೀಗ್ ಇದೇ ಎಂದು ಆ ಆಟದ ಚರಿತ್ರೆ ಬರೆದವರು ಹೇಳುತ್ತಾರೆ.

— ಎಲ್ಲಿ? ಟೊರಾಂಟೊ, ಮಾಂಟ್ರಿಯಲ್ ಕಡೆಯಾ?

— ಅಲ್ಲೇ ಇರುವುದು ಸ್ವಾರಸ್ಯ. ಐದರಲ್ಲಿ ನಾಲ್ಕು ತಂಡ ಅಮೆರಿಕದವು. ಮಿಷಿಗನ್ ರಾಜ್ಯದ ಉತ್ತರ ತುದಿಯಲ್ಲಿ, ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ಕೀವಿನಾ ಅಂತ ಒಂದು ಭೂಭಾಗ ಇದೆ. ಅಲ್ಲಿನ ಹೋಟನ್ ಊರಿನದು ಒಂದು ತಂಡ, ಕ್ಯಾಲುಮೆಟ್‌ನದು ಇನ್ನೊಂದು. ಅಲ್ಲಿಂದ ಪೂರ್ವಕ್ಕೆ ಹೋದರೆ ಸೂ ಸೇಂಟ್ ಮರೀ ಎಂಬ ಒಂದೇ ಹೆಸರಿನ ಎರಡು ಊರು. ನಡುವೆ ನದಿ. ಈ ದಡ ಮಿಷಿಗನ್, ಆ ದಡ ಕೆನಡಾದ ಒಂಟಾರಿಯೊ. ಜನ ಎರಡನ್ನೂ ‘ಸೂ’ ಅಂತಲೇ ಕರೆಯುವುದು. ಅಮೆರಿಕನ್ ಸೂ, ಕೆನಡಿಯನ್ ಸೂ. ಐದನೆಯದು ಎಲ್ಲೋ ದೂರದ ಪಿಟ್ಸ್‌ಬರ್ಗ್.

— ಆಟ ಕೆನಡಾದ್ದು, ತಂಡ ಅಮೆರಿಕದ್ದು. ಆಟಗಾರರು?

— ಹೆಚ್ಚುಕಮ್ಮಿ ಎಲ್ಲರೂ ಕೆನಡಾದವರು.

— ಅಂದರೆ ಗುಳೆ ಹೋದವರು ಅನ್ನಿ.

— ಅನ್ನು, ತಪ್ಪೇನಿಲ್ಲ. ಅವರ ಊರಿನವರು ಇನ್ನೂ ಕೆಟ್ಟ ಮಾತು ಅಂದಿದ್ದಾರೆ.

— ತಮ್ಮ ದೇಶದ ಆಟಕ್ಕೆ ತಮ್ಮ ದೇಶದಲ್ಲೇ ಯಾಕೆ ದುಡ್ಡು ಕೊಡುತ್ತಿರಲಿಲ್ಲ? ಜನ ನೋಡಲು ಬರುತ್ತಿರಲಿಲ್ಲವಾ?

— ಬರುತ್ತಿದ್ದರು, ಮುಗಿಬಿದ್ದು ಬರುತ್ತಿದ್ದರು. ಆದರೆ ಆಟ ಆಡಿ ಹಣ ತೆಗೆದುಕೊಳ್ಳುವುದು ಮೈಲಿಗೆ. ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ, ಆ ನಿಯಮ ನಿಜಕ್ಕೂ ಮೈಲಿಗೆಯ ಥರವೇ ಇತ್ತು. ಹಣ ಪಡೆದವನು ಕೆಟ್ಟ, ಸರಿ. ಹಣ ಪಡೆದವನ ಎದುರು ಒಂದು ಪಂದ್ಯ ಆಡಿದವನೂ ಕೆಟ್ಟ. ಅವನ ಕೈಗೆ ಬಿಡಿಗಾಸು ಬಂದಿರದಿದ್ದರೂ ಅವನನ್ನೂ ಹೊರಗಿಡಬಹುದಿತ್ತು. ಒಂಟಾರಿಯೊ ಹಾಕಿ ಅಸೋಸಿಯೇಷನ್ ಇದರಲ್ಲಿ ಬಲು ಬಿಗಿ. 1899ರಿಂದ 1905ರವರೆಗೆ ಅದರ ಅಧ್ಯಕ್ಷ ಜಾನ್ ರಾಸ್ ರಾಬರ್ಟ್‌ಸನ್. ಟೊರಾಂಟೊದ ‘ಟೆಲಿಗ್ರಾಂ’ ಪತ್ರಿಕೆಯ ಮಾಲೀಕ, ದೊಡ್ಡ ಶ್ರೀಮಂತ.

— ಪತ್ರಿಕೆ ಇಟ್ಟುಕೊಂಡ ಶ್ರೀಮಂತನಿಗೆ ಆಟದ ಸಂಬಳ ಯಾಕೆ ಬೇಕು! ಮಿಲ್ಲಿನಲ್ಲಿ ಕೆಲಸ ಮಾಡುವವನು ಬೇರೆ ಊರಿಗೆ ಆಡಲು ಹೋದರೆ ಎರಡು ದಿನದ ಕೂಲಿ ಹೋಯಿತು. ಅದನ್ನು ಯಾರು ಕೊಡಬೇಕು?

— ಯಾರೂ ಕೊಡಬಾರದು ಎಂಬುದೇ ನಿಯಮ.

— ಗೇಟಿನ ಹಣ?

— ಅದು ಬರುತ್ತಿತ್ತು. ರಿಂಕ್, ಅಂದರೆ ಆಡುವ ಮಂಜಿನ ಅಂಗಳ, ಯಾರದೋ ಅವರಿಗೆ, ಕ್ಲಬ್ಬಿಗೆ.

— ಸರಿ, ಆಡಿದವನನ್ನು ಬಿಟ್ಟು ಎಲ್ಲರಿಗೂ. ಇಂಥ ಲೆಕ್ಕ ನನಗೆ ಹೊಸದಲ್ಲ. ಮುಂದೆ ಹೇಳಿ.

— 1898ರ ಕಥೆ ಹೇಳುತ್ತೇನೆ ಕೇಳು. ಒಂಟಾರಿಯೊದಲ್ಲಿ ಬರ್ಲಿನ್ ಅಂತ ಒಂದು ಊರಿತ್ತು. ಜರ್ಮನರು ನೆಲೆಸಿದ ಊರು. ಮೊದಲ ಮಹಾಯುದ್ಧದ ಕಾಲಕ್ಕೆ, 1916ರಲ್ಲಿ, ಹೆಸರು ಬದಲಿಸಿ ಕಿಚನರ್ ಮಾಡಿಕೊಂಡರು. ಆ ಊರಿನ ಹುಡುಗರು ಪಕ್ಕದ ವಾಟರ್ಲೂವನ್ನು ಸೋಲಿಸಿದರು. ಪಕ್ಕದೂರಿನ ಮೇಲೆ ಗೆದ್ದರೆ ಹೇಗಿರುತ್ತದೆ ಗೊತ್ತಲ್ಲ? ಮೇಯರ್‌ಗೆ ಖುಷಿ ತಡೆಯಲಿಲ್ಲ, ಒಬ್ಬೊಬ್ಬನ ಕೈಗೂ ಹತ್ತು ಡಾಲರಿನ ಚಿನ್ನದ ನಾಣ್ಯ ಇಟ್ಟ. ಅಸೋಸಿಯೇಷನ್‌ಗೆ ಸುದ್ದಿ ಮುಟ್ಟಿತು. ಇಡೀ ತಂಡ ಹೊರಕ್ಕೆ.

— ಮೇಯರ್ ಕೊಟ್ಟ ಇನಾಮಿಗೆ?

— ಇನಾಮಿಗೇ. ಆ ತಂಡದಲ್ಲಿ ಹದಿನೇಳರ ಹುಡುಗ ಒಬ್ಬನಿದ್ದ, ಜ್ಯಾಕ್ ಗಿಬ್ಸನ್. ದಷ್ಟಪುಷ್ಟ ಆಳು. ಅವನು ಡೆಟ್ರಾಯಿಟ್‌ಗೆ ಹೋಗಿ ದಂತವೈದ್ಯ ಓದಿದ. ಓದು ಮುಗಿಸಿ ಬೋರ್ಡು ಹಾಕಿದ್ದು ಎಲ್ಲಿ ಅಂದರೆ, ಹೋಟನ್‌ನಲ್ಲಿ. ಎಲ್ಲರ ಬಾಯಲ್ಲಿ ‘ಡಾಕ್’ ಗಿಬ್ಸನ್ ಆದ.

— ಹಗಲು ಹಲ್ಲು ಕಟ್ಟುವುದು, ರಾತ್ರಿ ಹಲ್ಲು ಉದುರಿಸುವುದು. ಒಳ್ಳೆಯ ವ್ಯಾಪಾರ.

— ಆ ಜೋಕು ಆಗಲೇ ಹಳೆಯದಾಗಿತ್ತು ಮಾರಾಯ್ತಿ. ಹೋಟನ್ ಯಾಕೆ ಅಂತ ಕೇಳು. ಅದು ತಾಮ್ರದ ಸೀಮೆ. ಬೇರೆ ಕಡೆ ತಾಮ್ರ ಅದಿರಾಗಿ ಸಿಗುತ್ತದೆ, ಕರಗಿಸಿ ಬೇರ್ಪಡಿಸಬೇಕು. ಅಲ್ಲಿ ಬಂಡೆಯೊಳಗೇ ಲೋಹದ ರೂಪದಲ್ಲಿ ಸಿಗುತ್ತಿತ್ತು. ಕ್ಯಾಲುಮೆಟ್ ಆ್ಯಂಡ್ ಹೆಕ್ಲಾ ಅಂತ ದೊಡ್ಡ ಕಂಪನಿ, ಅದರ ಷೇರುದಾರರು ಬಾಸ್ಟನ್ನಿನಲ್ಲಿ. ಊರಿಗೆ ವಿದ್ಯುತ್ ಬರುತ್ತಿದ್ದ ಕಾಲ. ತಂತಿ ಎಳೆದಷ್ಟೂ ತಾಮ್ರ ಬೇಕು. ಗಣಿಗೆ ಫಿನ್‌ಲ್ಯಾಂಡಿನವರು, ಇಟಲಿಯವರು, ಕ್ರೊಯೇಷಿಯಾದವರು ಬಂದರು. ಎಲ್ಲರಿಗಿಂತ ಮೊದಲು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯವರು. ಇದೇ ಕಾರ್ನ್‌ವಾಲಿನವರು 1880ರ ನಂತರ ಜಾನ್ ಟೇಲರ್ ಕಂಪನಿಯ ಜೊತೆ ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದರು. ಭೂಮಿಯಲ್ಲಿ ಎಲ್ಲಿ ಆಳದ ತೂತು ಇದೆಯೋ ಅಲ್ಲಿ ಒಬ್ಬ ಕಾರ್ನ್‌ವಾಲಿನವನು ಇರುತ್ತಾನೆ ಅಂತ ಗಣಿಯವರು ಹೇಳುವುದುಂಟು. ನಾನು ಹೋಟನ್‌ನ ಕಾಲೇಜಿನಲ್ಲಿ ಗಣಿ ವಿಷಯ ಓದುವಾಗ ಅಲ್ಲಿನ ಬೇಕರಿಗಳಲ್ಲಿ ಅವರ ಪೇಸ್ಟಿ ಮಾರುತ್ತಿದ್ದರು. ಮಾಂಸ, ಆಲೂಗಡ್ಡೆ ತುಂಬಿ ಅಂಚು ಮಡಿಸಿ ಬೇಯಿಸಿದ್ದು, ಗಣಿಯೊಳಕ್ಕೆ ಬುತ್ತಿ ಒಯ್ಯಲು ಮಾಡಿಕೊಂಡದ್ದು. ನಾನು ಆಲೂಗಡ್ಡೆಯದು ಮಾತ್ರ ತಿನ್ನುತ್ತಿದ್ದೆ. ನಿಮ್ಮಜ್ಜಿಗೆ ಹೇಳಬೇಡ, ಅದೂ ಬರೀ ಆಲೂಗಡ್ಡೆ ಆಗಿರಲಿಕ್ಕಿಲ್ಲ.

— ದಾರಿ ಬಿಟ್ಟಿರಿ.

— ಬಂದೆ. ಅಲ್ಲಿ ಹಿಮ ಶುರುವಾದರೆ ಐದಾರು ತಿಂಗಳು. ಗಣಿಯಲ್ಲಿ ಸಾವಿರಗಟ್ಟಲೆ ಗಂಡಾಳುಗಳು, ಕೈಯಲ್ಲಿ ಕಾಸು, ಚಳಿಗಾಲದ ರಾತ್ರಿ ಕಳೆಯಲು ಸಾರಾಯಿ ಅಂಗಡಿ ಬಿಟ್ಟರೆ ಬೇರೆ ಏನೂ ಇಲ್ಲ. ಜೇಮ್ಸ್ ಡೀ ಅಂತ ಹೋಟನ್‌ನ ವ್ಯಾಪಾರಿ, ಅವನಿಗೆ ಇದು ಕಾಣಿಸಿತು. 1902ರಲ್ಲಿ ಕಾಲುವೆ ದಂಡೆಯಲ್ಲಿ ಆಂಫಿಡ್ರೋಮ್ ಅಂತ ದೊಡ್ಡ ಮರದ ರಿಂಕ್ ಎದ್ದಿತು. ರಿಂಕ್ ಎದ್ದಮೇಲೆ ತುಂಬಬೇಕಲ್ಲ.

— ಅದು ಸರಿಯಾದ ಮಾತು. ಆಟದ ಪ್ರೀತಿ ಆಮೇಲೆ. ಕಟ್ಟಡಕ್ಕೆ ಹಾಕಿದ ಹಣ ಮೊದಲು.

— ನೀನು ಹಾಗೆ ನೋಡು, ನಾನು ಬೇಡ ಅನ್ನುವುದಿಲ್ಲ. ಆದರೆ ಡೀಗೆ ಹಣ ಗೊತ್ತಿತ್ತು, ಗಿಬ್ಸನ್‌ಗೆ ಜನ ಗೊತ್ತಿದ್ದರು. ಒಂಟಾರಿಯೊದಲ್ಲಿ ಯಾವ ಊರಿನಲ್ಲಿ ಯಾವ ಹುಡುಗ ಚೆನ್ನಾಗಿ ಆಡುತ್ತಾನೆ, ಯಾರನ್ನು ಅಸೋಸಿಯೇಷನ್ ಹೊರಗಿಟ್ಟಿದೆ, ಯಾರಿಗೆ ಮನೆಯಲ್ಲಿ ಕಷ್ಟ ಇದೆ, ಎಲ್ಲ ಅವನಿಗೆ ಬಾಯಿಪಾಠ. 1903–04ರಲ್ಲಿ ಅವರ ‘ಪೋರ್ಟೇಜ್ ಲೇಕ್ಸ್’ ತಂಡ 26 ಪಂದ್ಯ ಆಡಿ 24 ಗೆದ್ದಿತು. 273 ಗೋಲು ಹೊಡೆದು 48 ಬಿಟ್ಟುಕೊಟ್ಟಿತು. ಆ ಮಾರ್ಚಿನಲ್ಲಿ ಮಾಂಟ್ರಿಯಲ್‌ನ ವಾಂಡರರ್ಸ್ ತಂಡವನ್ನು ಹೋಟನ್‌ಗೆ ಕರೆಸಿಕೊಂಡು 8–4, 9–2ರಿಂದ ಎರಡು ಸಲ ಬಡಿದು ಕಳಿಸಿದರು. ಹಲ್ಲಿನ ಡಾಕ್ಟರನ ತಂಡ ಮಾಂಟ್ರಿಯಲ್‌ನವರನ್ನು ಸೋಲಿಸುತ್ತದೆ ಅಂದರೆ!

— ಲೀಗ್ ಇನ್ನೂ ಶುರುವೇ ಆಗಿಲ್ಲವಲ್ಲ?

— ಇಲ್ಲ. ಬರೀ ಸ್ನೇಹ ಪಂದ್ಯ ಆಡಿಕೊಂಡು ಎಷ್ಟು ದಿನ ನಡೆಸುವುದು? ಎದುರಾಳಿ ಬೇಕು, ವೇಳಾಪಟ್ಟಿ ಬೇಕು. ಪಿಟ್ಸ್‌ಬರ್ಗ್‌ನಲ್ಲಿ ಅಷ್ಟರೊಳಗೆ ಒಂದು ಸ್ಥಳೀಯ ಲೀಗ್ ಇತ್ತು, ಅರೆ ವೃತ್ತಿಪರ ಅನ್ನಬಹುದು. ಕೆನಡಾದಿಂದ ಆಟಗಾರರನ್ನು ಕರೆಸಿ ಊರಲ್ಲಿ ಕೆಲಸ ಕೊಡಿಸುವುದು, ಕವರಿನಲ್ಲಿ ಕಾಸು ಕೊಡುವುದು, ಎರಡೂ ನಡೆಯುತ್ತಿತ್ತು. ಅಲ್ಲಿನ ಡುಕೇನ್ ಗಾರ್ಡನ್ ಮೊದಲು ಟ್ರಾಮ್ ಗಾಡಿ ನಿಲ್ಲಿಸುವ ಶೆಡ್ಡು. 1899ರಲ್ಲಿ ಅದನ್ನು ರಿಂಕ್ ಮಾಡಿದರು, ಯಂತ್ರದಿಂದ ಮಂಜುಗಡ್ಡೆ ಕಟ್ಟಿಸುವ ರಿಂಕ್. ಆಗ ಕೆನಡಾದಲ್ಲೇ ಅಂಥದ್ದು ಇರಲಿಲ್ಲ. ಮಿಷಿಗನ್‌ನಲ್ಲಿ ಹಾಗಲ್ಲ. ನೆಲಕ್ಕೆ ನೀರು ಬಿಟ್ಟು, ಬಾಗಿಲು ಕಿಟಕಿ ತೆರೆದಿಟ್ಟು, ಹೊರಗಿನ ಚಳಿಗೇ ಹೆಪ್ಪುಗಟ್ಟಿಸುವುದು. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ಮಾರ್ಚಿನಲ್ಲಿ ಬಿಸಿಲು ಏರಿತೋ, ಮೇಲೆ ನೀರು ನಿಂತು ಆಟಗಾರ ಜಾರಿದಾಗೆಲ್ಲ ಎರಚಾಟ.

— ಹಾಗಾದರೆ ಪಿಟ್ಸ್‌ಬರ್ಗ್‌ನವರು ಮೊದಲೇ ಶುರುಮಾಡಬಹುದು, ಕೊನೆಯವರೆಗೂ ನಡೆಸಬಹುದು. ಉಳಿದವರ ಗಲ್ಲಾ ಹವಾಮಾನದ ಕೈಯಲ್ಲಿ.

— ಹೌದು. ಪಿಟ್ಸ್‌ಬರ್ಗ್‌ನಿಂದ ಹೋಟನ್‌ಗೆ ರೈಲಿನಲ್ಲಿ ಹೋಗಿ ಬರುವ ಖರ್ಚು ನೆನೆಸಿಕೊಂಡರೆ ನಿನಗೆ ತಲೆ ತಿರುಗುತ್ತದೆ. ಹಿಮ ಬಿದ್ದು ಹಳಿ ಮುಚ್ಚಿದರೆ ರೈಲು ಅಲ್ಲೇ ನಿಲ್ಲುತ್ತಿತ್ತು.

— ಕೆನಡಿಯನ್ ಸೂ ಯಾಕೆ ಸೇರಿಕೊಂಡಿತು? ಅದು ಒಂಟಾರಿಯೊ ಅಲ್ಲವಾ, ಅಸೋಸಿಯೇಷನ್ನಿನ ಸೀಮೆ?

— ಒಂಟಾರಿಯೊವೇ, ಆದರೆ ಟೊರಾಂಟೊಗೆ ಬಲು ದೂರ. ಆ ಊರಿನ ಪರಿಸ್ಥಿತಿ ಬೇರೆ. ಫ್ರಾನ್ಸಿಸ್ ಕ್ಲರ್ಗ್ ಎಂಬ ಅಮೆರಿಕದವನೊಬ್ಬ ಬಂದು ಕಾಗದದ ಮಿಲ್ಲು, ಉಕ್ಕಿನ ಕಾರ್ಖಾನೆ, ರೈಲು, ವಿದ್ಯುತ್ ಎಲ್ಲ ಕಟ್ಟಿ ಊರನ್ನು ಎಬ್ಬಿಸಿದ. 1903ರಲ್ಲಿ ಅವನ ಸಾಮ್ರಾಜ್ಯ ದೊಪ್ಪನೆ ಬಿತ್ತು. ಸಂಬಳ ಸಿಗದ ಕೆಲಸಗಾರರು ಸೆಪ್ಟೆಂಬರಿನಲ್ಲಿ ಗಲಭೆ ಎಬ್ಬಿಸಿದರು, ಸೈನ್ಯ ಕರೆಸಬೇಕಾಯಿತು. ಅದಾದ ಮರುವರ್ಷವೇ ಈ ಲೀಗ್. ನದಿಯಾಚೆಯ ಸೂ ತಂಡ ಕಟ್ಟುತ್ತದೆ, ಈಚೆಯವರು ನೋಡಿಕೊಂಡು ಕೂರುತ್ತಾರಾ? ಹೋಗಿಬರುವುದಕ್ಕೆ 1887ರಲ್ಲೇ ರೈಲು ಸೇತುವೆ ಆಗಿತ್ತು. ಮೋಟಾರು ಹೋಗುವ ಸೇತುವೆ ಬಂದದ್ದು 1962ರಲ್ಲಿ.

— ಆಟ ಹೇಗಿತ್ತು? ಈಗ ಟೀವಿಯಲ್ಲಿ ತೋರಿಸುತ್ತಾರಲ್ಲ, ನಿಮಿಷಕ್ಕೊಮ್ಮೆ ಆಟಗಾರರನ್ನು ಬದಲಾಯಿಸುತ್ತಾ, ಹಾಗೇನಾ?

— ಅಯ್ಯೋ, ಬದಲಾಯಿಸುವುದು ಎಲ್ಲಿ ಬಂತು. ತಂಡಕ್ಕೆ ಏಳು ಜನ. ಈಗಿನ ಆರರ ಜೊತೆಗೆ ರೋವರ್ ಅಂತ ಒಬ್ಬ. ಅವನಿಗೆ ಇಂಥದೇ ಜಾಗ ಅಂತಿಲ್ಲ, ಎಲ್ಲಿ ಬೇಕಾದರೂ ನುಗ್ಗಬಹುದು. ಮೂವತ್ತು ನಿಮಿಷದ ಎರಡು ಅರ್ಧ. ಆ ಏಳೂ ಜನ ಅರವತ್ತು ನಿಮಿಷ ಮಂಜಿನ ಮೇಲೇ. ಚೆಂಡಿಲ್ಲ, ರಬ್ಬರಿನ ಬಿಲ್ಲೆ, ಪಕ್ ಅನ್ನುತ್ತಾರೆ. ಅದನ್ನು ಮುಂದಿರುವವನಿಗೆ ಕೊಡುವಂತಿಲ್ಲ, ಹಿಂದಕ್ಕೆ ಇಲ್ಲವೇ ಪಕ್ಕಕ್ಕೆ ಮಾತ್ರ. ಹಾಗಾಗಿ ಸಿಕ್ಕಿದವನು ತಾನೇ ಎಳೆದುಕೊಂಡು ನುಗ್ಗಬೇಕು. ಎದುರು ಬಂದವನನ್ನು ತಪ್ಪಿಸಬೇಕು ಇಲ್ಲ ಗುದ್ದಬೇಕು. ಗೋಲು ಕಾಯುವ ಗೋಲಿ ಮಂಡಿಯೂರುವಂತಿಲ್ಲ, ಮಲಗುವಂತಿಲ್ಲ. ನಿಂತುಕೊಂಡೇ ತಡೆಯಬೇಕು, ಮುಖಕ್ಕೆ ಏನೂ ಇಲ್ಲ. ಪೋರ್ಟೇಜ್ ಲೇಕ್ಸ್‌ಗೆ ರಿಲೇ ಹರ್ನ್ ಅಂತ ಗೋಲಿ ಇದ್ದ. ಅವನು ಮುಂದೆ ವಾಂಡರರ್ಸ್‌ಗೆ ಹೋಗಿ ಆ ಆಟದ ದೊಡ್ಡ ಬಹುಮಾನವಾದ ಸ್ಟ್ಯಾನ್ಲಿ ಕಪ್ ಗೆದ್ದ, ಒಂದಲ್ಲ ಹಲವು ಸಲ.

— ಇದಕ್ಕೆ ಎಷ್ಟು ಕೊಡುತ್ತಿದ್ದರು?

— ವಾರಕ್ಕೆ ಹದಿನೈದರಿಂದ ನಲವತ್ತು ಡಾಲರ್.

— ಗಣಿ ಕೆಲಸಗಾರನಿಗೆ?

— 1913ರಲ್ಲಿ, ಇದೆಲ್ಲ ಮುಗಿದು ಆರು ವರ್ಷದ ಮೇಲೆ, ಅಲ್ಲಿನ ಗಣಿಗಳಲ್ಲಿ ದೊಡ್ಡ ಮುಷ್ಕರ ನಡೆಯಿತು. ದಿನಕ್ಕೆ ಕನಿಷ್ಠ ಮೂರು ಡಾಲರ್ ಕೊಡಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದು.

— ಆರು ದಿನಕ್ಕೆ ಹದಿನೆಂಟು. ಅದೂ ಬೇಡಿಕೆ, ಸಿಕ್ಕದ್ದಲ್ಲ. ಅಂದರೆ ಒಳ್ಳೆಯ ಆಟಗಾರನಿಗೆ ಗಣಿಯವನ ಎರಡರಷ್ಟು ಮೇಲೆ. ಇಡೀ ವರ್ಷಕ್ಕಲ್ಲ, ಮೂರು ತಿಂಗಳಿಗೆ. ಆಮೇಲೆ?

— ಆಮೇಲೆ ಊರಿಗೆ ಹೋಗಿ ತಮ್ಮ ಕೆಲಸ. ಅದಕ್ಕೇ ನಾನು ಇದನ್ನು ಪೂರ್ತಿ ವೃತ್ತಿಪರ ಅನ್ನಲು ಸ್ವಲ್ಪ ಹಿಂದೆಮುಂದೆ ನೋಡುವುದು. ಸಂಬಳ ನಿಜ, ಆದರೆ ಚಳಿಗಾಲದ ಸಂಬಳ. ಗಿಬ್ಸನ್ ತನ್ನ ಕುರ್ಚಿ, ಇಕ್ಕಳ ಬಿಡಲಿಲ್ಲ.

— ಗೆದ್ದವರು ಯಾರು ಅಂತ ಹೇಳಲೇ ಇಲ್ಲ.

— ಮೊದಲ ವರ್ಷ ಕ್ಯಾಲುಮೆಟ್, ಆಮೇಲಿನ ಎರಡು ವರ್ಷ ಪೋರ್ಟೇಜ್ ಲೇಕ್ಸ್. ಮೊದಲ ವರ್ಷ ಕ್ಯಾಲುಮೆಟ್ ಗೆದ್ದದ್ದಕ್ಕೆ ಒಬ್ಬ ಮನುಷ್ಯ ಕಾರಣ, ಹಾಡ್ ಸ್ಟುವರ್ಟ್. ಒಟ್ಟಾವದವನು, ಡಿಫೆನ್ಸ್ ಆಟಗಾರ. ಆಗಿನ ಡಿಫೆನ್ಸ್‌ನವರು ಬಿಲ್ಲೆ ಸಿಕ್ಕಿದರೆ ಮೇಲಕ್ಕೆತ್ತಿ ಆ ತುದಿಗೆ ಹೊಡೆದು ಕೈ ತೊಳೆದುಕೊಳ್ಳುತ್ತಿದ್ದರು. ಇವನು ಹೊಡೆಯುವ ಬದಲು ತಾನೇ ತೆಗೆದುಕೊಂಡು ಮುಂದೆ ಹೋಗುತ್ತಿದ್ದ. ಆಳು ದೊಡ್ಡದು, ಕೋಲು ಉದ್ದ, ಅವಸರ ಅನ್ನುವುದೇ ಇಲ್ಲ. 1903ರಲ್ಲಿ ಪಿಟ್ಸ್‌ಬರ್ಗ್‌ನ ಬ್ಯಾಂಕರ್ಸ್ ತಂಡದಲ್ಲಿದ್ದ, ಆ ತಂಡ ಗೆದ್ದಿತು. 1904ರಲ್ಲಿ ಹೋಟನ್‌ಗೆ ಬಂದ, ಹೋಟನ್ ಗೆದ್ದಿತು. ಕ್ಯಾಲುಮೆಟ್‌ನವರು 1,800 ಡಾಲರ್ ಕೊಟ್ಟು ಎಳೆದುಕೊಂಡರು. ಆಡಬೇಕು, ತಂಡಕ್ಕೆ ತರಬೇತಿ ಕೊಡಬೇಕು, ರಿಂಕ್ ನೋಡಿಕೊಳ್ಳಬೇಕು. 1905ರಲ್ಲಿ ಕ್ಯಾಲುಮೆಟ್ ಗೆದ್ದಿತು.

— ಮೂರು ವರ್ಷ, ಮೂರು ಊರು, ಮೂರು ಕಪ್ಪು.

— ಹೌದು. ಅದಕ್ಕೆ ಬಹುಮಾನ ಏನು ಸಿಕ್ಕಿತು ಗೊತ್ತೇ? 1905ರ ಡಿಸೆಂಬರಿನಲ್ಲಿ ಅವನನ್ನು ಲೀಗಿನಿಂದಲೇ ನಿಷೇಧಿಸಿದರು. ಆಟ ಒರಟು ಅಂತ ಒಂದು ದೂರು. ಇನ್ನೊಂದು, ಇವನು ಬಹಳ ಚಾಂಪಿಯನ್‌ಷಿಪ್ ಗೆದ್ದಿದ್ದಾನೆ ಅಂತ.

— ತಮಾಷೆ ಮಾಡಬೇಡಿ.

— ತಮಾಷೆಯಲ್ಲ, ಹಾಗೇ ದಾಖಲಾಗಿದೆ. ಆಮೇಲೆ ನಿಷೇಧ ತೆಗೆದರು, ಪಿಟ್ಸ್‌ಬರ್ಗ್‌ಗೆ ಆಡಿದ. ಯೋಚನೆ ಮಾಡಿದರೆ ಅದರಲ್ಲಿ ಒಂದು ತರ್ಕವೂ ಇದೆ. ಐದೇ ತಂಡದ ಲೀಗಿನಲ್ಲಿ ಗೆಲ್ಲುವವರು ಯಾರು ಅಂತ ಮೊದಲೇ ಗೊತ್ತಾದರೆ ಉಳಿದ ನಾಲ್ಕು ಊರಿನಲ್ಲಿ ಟಿಕೆಟ್ ಯಾರು ಕೊಳ್ಳುತ್ತಾರೆ? ಬಾಜಿ ಯಾರು ಕಟ್ಟುತ್ತಾರೆ?

— ಈಗಿನವರು ಅದಕ್ಕೇ ಸಂಬಳಕ್ಕೆ ಮಿತಿ ಹಾಕುತ್ತಾರೆ, ಹರಾಜು ಮಾಡುತ್ತಾರೆ. ಅವರಿಗೆ ಅದು ಹೊಳೆದಿರಲಿಲ್ಲ, ಮನುಷ್ಯನನ್ನೇ ತೆಗೆದುಹಾಕಿದರು. ಸರಿ, ಈ ಲೀಗಿನಲ್ಲಿ ನಾನು ಹೆಸರು ಕೇಳಿರಬಹುದಾದವರು ಯಾರಾದರೂ ಇದ್ದರಾ?

— ಸೈಕ್ಲೋನ್ ಟೇಲರ್?

— ಇಲ್ಲ.

— ಫ್ರೆಡ್ ಟೇಲರ್. ಒಂಟಾರಿಯೊದ ಲಿಸ್ಟೋವೆಲ್ ಎಂಬ ಸಣ್ಣ ಊರಿನ ಹುಡುಗ, ಸ್ಕೇಟಿಂಗ್‌ನಲ್ಲಿ ಗಾಳಿ. 1904ರಲ್ಲಿ ಅಸೋಸಿಯೇಷನ್ನಿನ ಕಾರ್ಯದರ್ಶಿ, ನೀನು ಟೊರಾಂಟೊದ ಮಾರ್ಲ್‌ಬರೋಸ್ ತಂಡಕ್ಕೆ ಆಡು ಅಂದ. ಹುಡುಗ ಒಲ್ಲೆ ಅಂದ. ಹಾಗಾದರೆ ಒಂಟಾರಿಯೊದಲ್ಲಿ ಎಲ್ಲೂ ಆಡುವಂತಿಲ್ಲ ಅಂತ ಅಪ್ಪಣೆ ಆಯಿತು. ಒಂದಿಡೀ ಸೀಸನ್ ಸುಮ್ಮನೆ ಕೂತ. ದುಡ್ಡು ಮುಟ್ಟಿದ್ದಕ್ಕಲ್ಲ ಗಮನಿಸು, ಹೇಳಿದ ಮಾತು ಕೇಳದ್ದಕ್ಕೆ. ‘ಅಮೆಚೂರ್’, ಅಂದರೆ ಹಣಕ್ಕಾಗಿ ಆಡದವನು, ಅನ್ನುವ ಮಾತಿನ ಹಿಂದೆ ಏನಿತ್ತು ಅಂತ ನನಗೆ ಅರ್ಥವಾದದ್ದು ಇಲ್ಲಿ. ಮುಂದಿನ ಚಳಿಗಾಲ ಮ್ಯಾನಿಟೋಬಾಗೆ ಹೋದ. ಅಲ್ಲಿಂದ 1906ರ ಆರಂಭದಲ್ಲಿ ಹೋಟನ್‌ನವರು ಕರೆಸಿಕೊಂಡರು. ಉಳಿದ ಸೀಸನ್ನಿಗೆ 400 ಡಾಲರ್, ಖರ್ಚು ಬೇರೆ. ಆರು ಪಂದ್ಯದಲ್ಲಿ ಹನ್ನೊಂದು ಗೋಲು ಹೊಡೆದ. ‘ಸೈಕ್ಲೋನ್’ ಅಂತ ಹೆಸರು ಬಿದ್ದದ್ದು ಮುಂದೆ ಒಟ್ಟಾವದಲ್ಲಿ.

— ಒಟ್ಟಾವಕ್ಕೆ ಯಾವಾಗ ಹೋದ?

— ಈ ಲೀಗ್ ಮುಗಿದ ಮೇಲೆ. ಅವರು ಆಟದ ಹಣದ ಜೊತೆಗೆ ಒಂದು ಸರ್ಕಾರಿ ನೌಕರಿಯನ್ನೂ ಕೊಡಿಸಿದರು. ವಲಸೆ ಇಲಾಖೆಯಲ್ಲಿ ಗುಮಾಸ್ತೆ.

— ವಲಸೆ ಇಲಾಖೆಯಲ್ಲಿ! ಗಡಿ ದಾಟಿ ದುಡಿದು ಬಂದವನಿಗೆ!

— ಇನ್ನೂ ಕೇಳು. 1912ರಲ್ಲಿ ವ್ಯಾಂಕೂವರ್ ತಂಡ ಸೇರಿದ, ನೌಕರಿಯೂ ಅಲ್ಲಿಗೇ ಹೋಯಿತು. 1914ರ ಮೇ 23ರಂದು ವ್ಯಾಂಕೂವರ್ ಬಂದರಿಗೆ ಒಂದು ಹಡಗು ಬಂತು.

— ಕೊಮಗಾಟ ಮಾರು.

— ಗೊತ್ತಲ್ಲ ನಿನಗೆ. 376 ಪ್ರಯಾಣಿಕರು, ಬಹುಪಾಲು ಪಂಜಾಬಿನ ಸಿಖ್ಖರು, ಕೆಲವರು ಮುಸಲ್ಮಾನರು, ಹಿಂದೂಗಳು. ಗುರ್ದಿತ್ ಸಿಂಗ್ ಬಾಡಿಗೆಗೆ ಹಿಡಿದ ಜಪಾನೀ ಹಡಗು. ಆ ಹಡಗನ್ನು ಮೊದಲು ಹತ್ತಿದ ವಲಸೆ ಅಧಿಕಾರಿಗಳಲ್ಲಿ ಟೇಲರ್ ಒಬ್ಬ.

— ನಿಜವಾಗಿ?

— ನಿಜವಾಗಿ. ಎರಡು ತಿಂಗಳು ಹಡಗನ್ನು ದಡ ಮುಟ್ಟಲು ಬಿಡಲಿಲ್ಲ. ಮೊದಲೇ ಕೆನಡಾದಲ್ಲಿ ನೆಲೆಸಿದ್ದ ಇಪ್ಪತ್ತು ಚಿಲ್ಲರೆ ಜನರನ್ನು ಇಳಿಸಿಕೊಂಡು, ಉಳಿದವರನ್ನು ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ವಾಪಸು ಕಳಿಸಿದರು. ಕಲ್ಕತ್ತೆಯ ಹತ್ತಿರ ಬಜ್‌ಬಜ್‌ನಲ್ಲಿ ಇಳಿದಾಗ ಗುಂಡು ಹಾರಿ ಇಪ್ಪತ್ತರಷ್ಟು ಜನ ಸತ್ತರು.

— ಅವರನ್ನು ತಡೆದದ್ದು ಯಾವ ನಿಯಮದಿಂದ? ಹುಟ್ಟಿದ ದೇಶದಿಂದ ಎಲ್ಲೂ ತಂಗದೆ ಒಂದೇ ಓಟದಲ್ಲಿ ಬರಬೇಕು ಅನ್ನುವುದು ತಾನೇ?

— ಅದೊಂದು. 1908ರಲ್ಲಿ ಮಾಡಿದ್ದು. ಭಾರತದಿಂದ ಹಾಗೆ ನೇರ ಬರುವ ಹಡಗೇ ಇರಲಿಲ್ಲ, ಅದು ಮಾಡಿದವರಿಗೂ ಗೊತ್ತಿತ್ತು. ಕೈಯಲ್ಲಿ 200 ಡಾಲರ್ ಇರಬೇಕು ಎಂಬುದು ಇನ್ನೊಂದು.

— ಲಿಸ್ಟೋವೆಲ್ ಬಿಟ್ಟು ಮ್ಯಾನಿಟೋಬಾ, ಮ್ಯಾನಿಟೋಬಾ ಬಿಟ್ಟು ಮಿಷಿಗನ್. ನಿಮ್ಮ ಟೇಲರ್‌ನದೂ ತುಂಡು ತುಂಡು ಪ್ರಯಾಣವೇ. ಹೋಟನ್‌ನಲ್ಲಿ ಇಳಿದಾಗ ಯಾರೂ ತಡೆದು, ಎಲ್ಲಿಂದ ಬಂದೆ, ಕಿಸೆಯಲ್ಲಿ ಎಷ್ಟಿದೆ ಅಂತ ಕೇಳಿರಲಿಕ್ಕಿಲ್ಲ. ಅವನ ಕಿಸೆಗೆ ಇವರೇ 400 ಹಾಕಿದರು.

— ನಿಯಮ ಮಾಡಿದವನು ಅವನಲ್ಲ.

— ಕಾಗದ ನೋಡಿದವನು?

— ಅವನ ಪರ ನಾನು ವಕಾಲತ್ತು ಮಾಡುತ್ತಿಲ್ಲ. ಅವನಿಗೆ ಏನನ್ನಿಸಿತೋ ಅದನ್ನು ಊಹಿಸಿ ಹೇಳಲೂ ಹೋಗುವುದಿಲ್ಲ. ಮುಂದೆ ಬ್ರಿಟಿಷ್ ಕೊಲಂಬಿಯಾದ ವಲಸೆ ಇಲಾಖೆಯ ಮೇಲಧಿಕಾರಿಯೇ ಆದ, 1946ರಲ್ಲಿ ಆ ಸೇವೆಗೆ ಒಬಿಇ ಬಿರುದು ಬಂತು. 1979ರಲ್ಲಿ ತೀರಿಕೊಂಡಾಗ 94 ವರ್ಷ. ಹಡಗಿನ ವಿಷಯಕ್ಕೆ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ.

— ನನಗೆ ಈ ಲೀಗಿನ ಕಥೆಯಲ್ಲಿ ಬೇಕಾದದ್ದು ಇದೇ ಭಾಗ. ನೀವು ಇದನ್ನು ಆಟದ ಅಡಿಟಿಪ್ಪಣಿ ಮಾಡಬೇಡಿ.

— ಮಾಡುವುದಿಲ್ಲ. ಆದರೆ ಒಂದು ಮಾತು. ಹೋಟನ್‌ನಲ್ಲಿ ಆಡಿದವರಿಗೆ ಗಡಿ ಎಂಬುದು ತಪ್ಪಿಸಿಕೊಳ್ಳುವ ಬಾಗಿಲು. ಟೊರಾಂಟೊದ ಅಪ್ಪಣೆ ನದಿಯ ಈಚೆಗೆ ನಡೆಯುತ್ತಿರಲಿಲ್ಲ. ಆ ಒಂದು ಗೆರೆ ಇದ್ದದ್ದರಿಂದಲೇ ಈ ಲೀಗ್ ಹುಟ್ಟಿತು. ತಾಮ್ರ ಇದ್ದು ಗೆರೆ ಇಲ್ಲದಿದ್ದರೆ ಹುಟ್ಟುತ್ತಿರಲಿಲ್ಲ ಅನ್ನುವುದು ನನ್ನ ವಾದ.

— ಗೆರೆ ಇದ್ದು ತಾಮ್ರ ಇಲ್ಲದಿದ್ದರೂ ಹುಟ್ಟುತ್ತಿರಲಿಲ್ಲ ಅನ್ನುವುದು ನನ್ನದು. ಸರಿ, ಸತ್ತದ್ದು ಹೇಗೆ ಹೇಳಿ.

— ಆ ಗೆರೆಗೆ ಬೆಲೆ ಹೋಯಿತು. ಮಾಂಟ್ರಿಯಲ್, ಒಟ್ಟಾವದ ದೊಡ್ಡ ಕ್ಲಬ್ಬುಗಳು ವರ್ಷ ವರ್ಷ ತಮ್ಮ ಒಳ್ಳೊಳ್ಳೆಯ ಆಟಗಾರರು ದಕ್ಷಿಣಕ್ಕೆ ಹೋಗುವುದನ್ನು ನೋಡಿದವು. 1906ರ ಕೊನೆಗೆ ಅವರ ಲೀಗ್ ಸಂಬಳದವರನ್ನೂ ಸಂಬಳವಿಲ್ಲದವರನ್ನೂ ಒಟ್ಟಿಗೆ ಆಡಿಸಬಹುದು, ಯಾರು ಯಾವ ಥರ ಅಂತ ಪಟ್ಟಿ ಹೊರಗೆ ಹಾಕಿದರೆ ಸಾಕು ಅಂತ ತೀರ್ಮಾನಿಸಿತು. ಹಾಗೆ ವಾಪಸು ಹೋದವರಲ್ಲಿ ಸ್ಟುವರ್ಟ್ ಒಬ್ಬ. ಪಿಟ್ಸ್‌ಬರ್ಗ್‌ನಲ್ಲಿ ರೆಫರಿ ಯಾರಾಗಬೇಕು ಎಂಬ ಜಗಳ ಎದ್ದು, ಡಿಸೆಂಬರಿನಲ್ಲೇ ವಾಂಡರರ್ಸ್ ಸೇರಿದ. ಅವನ ಕಾಗದವೊಂದು ಮಾಂಟ್ರಿಯಲ್‌ನ ಪತ್ರಿಕೆಯಲ್ಲಿ ಅಚ್ಚಾಗಿ, ಈ ಲೀಗಿನ ಹೊಡೆದಾಟ, ಇಲ್ಲಿನ ರೆಫರಿಗಳು, ಎಲ್ಲ ಬಯಲಾಯಿತು. 1907ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಬ್ಯಾಂಕುಗಳಲ್ಲಿ ಗಾಬರಿ ಎದ್ದಿತು, ತಾಮ್ರದ ಬೆಲೆ ಕುಸಿಯಿತು. ಅದೇ ಚಳಿಗಾಲಕ್ಕೆ ಒಂಟಾರಿಯೊದಲ್ಲೂ ಒಂದು ವೃತ್ತಿಪರ ಲೀಗ್ ಶುರುವಾಯಿತು. ಅದರಲ್ಲಿ ಒಂದು ತಂಡ ಎಲ್ಲಿಯದು ಹೇಳು?

— ಬರ್ಲಿನ್?

— ಬರ್ಲಿನ್. ಯಾವ ಊರಿನ ಹುಡುಗರನ್ನು ಹತ್ತು ಡಾಲರಿನ ನಾಣ್ಯಕ್ಕೆ ಹೊರಗಟ್ಟಿದ್ದರೋ ಆ ಊರಿನಲ್ಲಿ, ಹತ್ತು ವರ್ಷ ತುಂಬುವುದರೊಳಗೆ, ಸಂಬಳದ ತಂಡ. ಹೀಗಿರುವಾಗ ಯಾರು ಸುಪೀರಿಯರ್ ಸರೋವರದವರೆಗೆ ರೈಲು ಹತ್ತುತ್ತಾರೆ? ನಾಲ್ಕನೆಯ ಸೀಸನ್ ಶುರುವೇ ಆಗಲಿಲ್ಲ.

— ಆಟಗಾರರೆಲ್ಲ ವಾಪಸು.

— ವಾಪಸು. ಕೆಲವರು ಗೆದ್ದರು ಕೂಡ. ಅಮೆರಿಕನ್ ಸೂನಲ್ಲಿ ಜ್ಯಾಕ್ ಲಾವಿಯೊಲೆಟ್, ಡಿಡಿಯೆ ಪಿತ್ರ್ ಅಂತ ಇಬ್ಬರು ಫ್ರೆಂಚ್ ಮಾತಿನ ಗೆಳೆಯರಿದ್ದರು. ನದಿಯಾಚೆಯ ಕೆನಡಿಯನ್ ಸೂಗೆ ಕೊನೆಯ ವರ್ಷ ನ್ಯೂಸಿ ಲಲೋಂಡ್ ಬಂದ; ಪತ್ರಿಕೆಯ ಮುದ್ರಣಾಲಯದಲ್ಲಿ ಕೆಲಸ ಮಾಡಿದ್ದರಿಂದ ಆ ಅಡ್ಡಹೆಸರು. 1909ರ ಡಿಸೆಂಬರಿನಲ್ಲಿ ಮಾಂಟ್ರಿಯಲ್ ಕೆನಡಿಯನ್ಸ್ ತಂಡ ಹುಟ್ಟಿದಾಗ ಆಟಗಾರರನ್ನು ಕೂಡಿಸುವ ಕೆಲಸ ಲಾವಿಯೊಲೆಟ್‌ನದು, ಅವನು ಮೊದಲು ಹಿಡಿದದ್ದು ಪಿತ್ರ್‌ನನ್ನು, ತಂಡದ ಮೊದಲ ಗೋಲು ಲಲೋಂಡ್‌ನದು. ಆ ತಂಡ ಇವತ್ತಿಗೂ ಇದೆ, ಸ್ಟ್ಯಾನ್ಲಿ ಕಪ್ಪನ್ನು ಅದರಷ್ಟು ಸಲ ಬೇರೆ ಯಾರೂ ಗೆದ್ದಿಲ್ಲ. ಪೋರ್ಟೇಜ್ ಲೇಕ್ಸ್‌ನಲ್ಲಿದ್ದ ಜೋ ಹಾಲ್ ಕೂಡ ಅಲ್ಲಿಗೇ ಬಂದ. 1919ರ ಕಪ್ ಫೈನಲ್ ಆಡಲು ಸಿಯಾಟಲ್‌ಗೆ ಹೋದವನು ಅಲ್ಲೇ ಇನ್‌ಫ್ಲುಯೆಂಜಾ ಬಂದು ಸತ್ತ. ಆ ವರ್ಷ ಕಪ್ ಯಾರಿಗೂ ಕೊಡಲಿಲ್ಲ.

— ಸ್ಟುವರ್ಟ್?

— 1907ರ ಮಾರ್ಚಿನಲ್ಲಿ ವಾಂಡರರ್ಸ್ ಜೊತೆ ಸ್ಟ್ಯಾನ್ಲಿ ಕಪ್ ಗೆದ್ದ. ಬೇಸಿಗೆಯಲ್ಲಿ ಅಪ್ಪನ ಕಟ್ಟಡದ ಕೆಲಸ ನೋಡಿಕೊಳ್ಳಲು ಒಂಟಾರಿಯೊದ ಬೆಲ್‌ವಿಲ್‌ಗೆ ಹೋದ. ಜೂನ್ 23ರಂದು ಈಜಲು ಹೋದವನು ದೀಪಸ್ತಂಭದ ಕಟ್ಟೆಯಿಂದ ನೀರಿಗೆ ಧುಮುಕಿದ. ಅಲ್ಲಿ ಆಳ ಇರಲಿಲ್ಲ, ಕೆಳಗೆ ಬಂಡೆ. ಇಪ್ಪತ್ತೆಂಟು ವಯಸ್ಸು. ಹೆಂಡತಿ, ಎರಡು ಹೆಣ್ಣುಮಕ್ಕಳು. 1908ರ ಜನವರಿ 2ಕ್ಕೆ ಅವರಿಗಾಗಿ ಮಾಂಟ್ರಿಯಲ್‌ನಲ್ಲಿ ಒಂದು ಪಂದ್ಯ ಇಟ್ಟರು, ವಾಂಡರರ್ಸ್ ಎದುರು ಉಳಿದ ತಂಡಗಳಿಂದ ಆರಿಸಿದವರು. ಐಸ್ ಹಾಕಿಯಲ್ಲಿ ಆಲ್‌ಸ್ಟಾರ್ ಪಂದ್ಯ ಅಂತ ನಡೆದದ್ದು ಅದೇ ಮೊದಲು. ವಾಂಡರರ್ಸ್ 10–7ರಿಂದ ಗೆದ್ದಿತು. ರಿಂಕ್ ತುಂಬಿತ್ತು.

— ಎಷ್ಟು ಕೂಡಿತು?

— ಎರಡು ಸಾವಿರ ಡಾಲರ್ ಮೇಲೆ.

— ಪೂರ್ತಿ ಅವರಿಗೇ ಹೋಯಿತಾ?

— ಹೆಂಡತಿ ಮಕ್ಕಳಿಗೇ.

— ಅಂದರೆ ಕ್ಯಾಲುಮೆಟ್‌ನವರು ಅವನಿಗೆ ಕೊಟ್ಟ ಒಂದು ವರ್ಷದ ಸಂಬಳಕ್ಕಿಂತ ಇನ್ನೂರು ಚಿಲ್ಲರೆ ಜಾಸ್ತಿ. ಮೂರು ಜನಕ್ಕೆ.